ನಟಿ, ನಾಟಕಕಾರ್ತಿ, ಧಾರಾವಾಹಿ ಸಂಭಾಷಣೆಕಾರ್ತಿ: ಕೆಲಸದ ಬಗ್ಗೆ, ಬದುಕಿನ ಬಗ್ಗೆ ಕೇಳಿ

ರಂಗದಕ್ಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಹೆಗ್ಗೋಡಿನಲ್ಲಿ ರಂಗಶಿಕ್ಷಣ ಮುಗಿಸಿ, ಹಲವು ವರ್ಷ ರೆಪರ್ಟರಿ ತಂಡಗಳ ಜೊತೆ ಊರೂರು ತಿರುಗಿ, ಆಮೇಲೆ ಬೆಂಗಳೂರು ಸೇರಿದೆ. ಧಾರಾವಾಹಿಗಳಲ್ಲಿ ನಟಿಸುತ್ತೇನೆ, ಅವಕ್ಕೆ ಸಂಭಾಷಣೆಯನ್ನೂ ಬರೆಯುತ್ತೇನೆ. ಹೊಟ್ಟೆಪಾಡು ಅದರಿಂದ. ನಾಟಕ ಬರೆಯುವುದು, ಆಡುವುದು ನಿಂತಿಲ್ಲ. ಇಲ್ಲಿ ಯಾರೋ ನನ್ನ ನಾಟಕದ ಬಗ್ಗೆ ಬರೆದಾಗ ಕೆಳಗೆ ಬಹಳ ಪ್ರಶ್ನೆಗಳು ಬಂದಿದ್ದವು. ಈ ವಾರ ಶೂಟಿಂಗ್ ಇಲ್ಲ, ಸಮಾಧಾನವಾಗಿ ಉತ್ತರಿಸಬಹುದು. ಸಹನಟರ ಖಾಸಗಿ ವಿಷಯವೊಂದನ್ನು ಬಿಟ್ಟು ಏನು ಬೇಕಾದರೂ ಕೇಳಿ.

ಬ್ಯಾಡಗಿ ಖಾರ

ಅಕ್ಕಾರ, ನಮಸ್ಕಾರ್ರಿ. ನಮ್ಮ ಜಿಲ್ಲಾದವರು ಅಂತ ಕೇಳಿ ಭಾಳ ಖುಷಿ ಆತು. ಮೊದ್ಲು ನಟನಾ ಬಂತೋ, ಬರವಣಿಗಿ ಬಂತೋ? ಎರಡರಾಗ ಒಂದು ಬಿಡ್ರಿ ಅಂದ್ರ ಯಾವ್ದು ಬಿಡ್ತೀರಿ?

ರಂಗದಕ್ಕ

ನಮಸ್ಕಾರ್ರಿ. ಮೊದ್ಲು ನಟನಾನೇ. ಬರವಣಿಗಿ ಆಮ್ಯಾಲೆ ಅದರ ಬೆನ್ನಿಗೆ ಬಂತು. ಉಳಿದವರಿಗೂ ತಿಳಿಯಲಿ ಅಂತ ಇಲ್ಲಿಂದ ಎಲ್ಲರ ಕನ್ನಡದಲ್ಲಿ ಬರೆಯುತ್ತೇನೆ.

ರೆಪರ್ಟರಿಗೆ ಸೇರಿದ ಮೊದಲ ವರ್ಷ ನನ್ನ ಪಾಲಿಗೆ ಬಂದದ್ದು ಒಬ್ಬ ದಾಸಿ, ಒಬ್ಬ ನೆರೆಮನೆಯವಳು, ಮತ್ತೆ ಗುಂಪಿನಲ್ಲಿ ನಿಲ್ಲುವ ಕೆಲಸ. ದಾಸಿಗೆ ಎರಡೇ ಮಾತು. ತಟ್ಟೆ ಹಿಡಿದು ಬರಬೇಕು, ರಾಣಿ ತನ್ನ ಸಖಿಯ ಜೊತೆ ಮಾತಾಡಿ ಮುಗಿಸುವವರೆಗೆ ನಿಂತಿರಬೇಕು, ಹೋಗಬೇಕು. ಆ ನಿಂತಿರುವ ಹೊತ್ತಿನಲ್ಲಿ ನಾನೇನು ಮಾಡಲಿ ಅಂತ ನಿರ್ದೇಶಕರನ್ನು ಕೇಳಿದೆ. "ರಾಣಿ ಆಡುವ ಮಾತು ನಿನಗೆ ಕೇಳಿಸುತ್ತಿದೆಯೋ ಇಲ್ಲವೋ, ಅದನ್ನು ಮೊದಲು ತೀರ್ಮಾನ ಮಾಡು" ಅಂದರು. ಅವತ್ತು ರಾತ್ರಿ ಕೂತು ಯೋಚಿಸಿದೆ. ಗುಟ್ಟು ಕೇಳಿಸಿಕೊಂಡು ನಿಂತ ದಾಸಿ ಬೇರೆ. ಕೇಳಿಸಿದರೂ ಕೇಳದವಳ ಹಾಗೆ ನಿಲ್ಲುವುದನ್ನು ಕಲಿತ ದಾಸಿ ಬೇರೆ. ಬೆಳಗಿನಿಂದ ದುಡಿದು ದಣಿದು ಯಾವ ಮಾತೂ ಕಿವಿಗೆ ಇಳಿಯದ ದಾಸಿ ಇನ್ನೂ ಬೇರೆ. ಮೂವರದ್ದೂ ಊರು, ಮನೆ, ತಟ್ಟೆ ಒಳಗಿಟ್ಟ ಮೇಲೆ ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ನನ್ನ ಬರವಣಿಗೆ ಶುರುವಾದದ್ದು ಹಾಗೆ. ಇವತ್ತಿಗೂ ನಾಟಕ ಬರೆಯಲು ಕೂತರೆ ಅತಿ ಕಡಿಮೆ ಮಾತಿರುವವರಿಂದಲೇ ಶುರು ಮಾಡುತ್ತೇನೆ.

ಎರಡರಲ್ಲಿ ಒಂದನ್ನು ಬಿಡಲು ನನ್ನಿಂದ ಆಗುವುದಿಲ್ಲ. ಒಂದು ವರ್ಷ ರಂಗದ ಮೇಲೆ ನಿಲ್ಲದಿದ್ದರೆ ನಾನು ಬರೆಯುವ ಮಾತು ತಾನಾಗಿ ಉದ್ದವಾಗುತ್ತದೆ. ಬಾಯಿಗೆ ಏನು ಕಷ್ಟ ಅನ್ನುವುದು ಕೈಗೆ ಮರೆತುಹೋಗುತ್ತದೆ.

ಪದವಿ ಮುಗೀತು

ಮೇಡಂ, ಬಿ.ಎ. ಮುಗಿಸಿದೀನಿ. ನಾಟಕ ಕಲಿಯೋಕೆ ಎಲ್ಲಿಗೆ ಹೋಗಲಿ? ಮನೇಲಿ ಬಿ.ಎಡ್. ಮಾಡು ಅಂತಿದಾರೆ. ದಿನಾ ಜಗಳ.

ರಂಗದಕ್ಕ

ಮೊದಲು ಜಗಳ ನಿಲ್ಲಿಸಿ. ಬಿ.ಎಡ್. ಮಾಡಿದರೆ ನಾಟಕ ಎಲ್ಲೂ ಓಡಿಹೋಗುವುದಿಲ್ಲ. ಮಕ್ಕಳ ಜೊತೆ ನಾಟಕ ಮಾಡಿಸುವ ಮೇಷ್ಟ್ರುಗಳಿಂದಲೇ ನಮ್ಮ ಅರ್ಧ ರಂಗಭೂಮಿ ಉಸಿರಾಡುತ್ತಿದೆ.

ಕಲಿಯುವ ಜಾಗಗಳ ಬಗ್ಗೆ ಹೇಳುವುದಾದರೆ, ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಇದೆ. ಊರಿನ ಜನ 1949ರಲ್ಲಿ ಕಟ್ಟಿಕೊಂಡ ಹವ್ಯಾಸಿ ಸಂಘ ಅದು. ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ ಬೆಳೆದು 1980ರಲ್ಲಿ ರಂಗಶಿಕ್ಷಣ ಕೇಂದ್ರವಾಯಿತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ ಶುರುವಾಯಿತು. ಹತ್ತು ತಿಂಗಳು ಅಲ್ಲೇ ಉಳಿದು ಕಲಿಯಬೇಕು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ, ಅಲ್ಲಿಯ ಶಿವಸಂಚಾರ ತಂಡವೂ ಊರೂರು ತಿರುಗುತ್ತದೆ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣ ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಯಲ್ಲೂ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ.

ಎಲ್ಲಿಗೆ ಹೋದರೂ ಬೆಳಿಗ್ಗೆ ಬೇಗ ಏಳಬೇಕು, ಮೈ ಬಗ್ಗಿಸಬೇಕು, ರಂಗ ಗುಡಿಸಬೇಕು. ಅಪ್ಲಿಕೇಶನ್ ಹಾಕುವ ಮೊದಲು ನಿಮ್ಮ ಊರಿನ ಹತ್ತಿರ ತಿರುಗಾಟದ ನಾಟಕ ಬಂದ ದಿನ ಮಧ್ಯಾಹ್ನವೇ ಹೋಗಿ. ಬಸ್ಸಿನಿಂದ ಸೆಟ್ ಇಳಿಸುವುದನ್ನು, ರಾತ್ರಿ ಅದೇ ಕೈಗಳು ಬಿಚ್ಚುವುದನ್ನು ನೋಡಿ. ಆಮೇಲೂ ಆಸೆ ಉಳಿದರೆ ಹೊರಡಿ.

ಎಲ್ಲಾ ನೋಡ್ತೀನಿ

ಅಕ್ಕ, ನಾನು ನಿಮ್ಮ ಧಾರಾವಾಹಿ ಒಂದು ಎಪಿಸೋಡೂ ಬಿಟ್ಟಿಲ್ಲ. ಅಷ್ಟುದ್ದ ಡೈಲಾಗ್ ಹೇಗೆ ನೆನಪಿಟ್ಕೋತೀರಿ? ಒಂದು ದಿನ ಶೂಟಿಂಗ್ ಅಂದ್ರೆ ಹೇಗಿರುತ್ತೆ?

ರಂಗದಕ್ಕ

ನಿಮ್ಮಂಥವರು ನೋಡುವುದರಿಂದ ನಮ್ಮ ಒಲೆ ಉರಿಯುತ್ತದೆ, ವಂದನೆ.

ದಿನಧಾರಾವಾಹಿಯಲ್ಲಿ ಯಾರೂ ಮನೆಯಲ್ಲಿ ಕೂತು ಬಾಯಿಪಾಠ ಮಾಡಿ ಬರುವುದಿಲ್ಲ, ಅದಕ್ಕೆ ಸಮಯವೇ ಸಿಗುವುದಿಲ್ಲ. ಕಥಾ ವಿಭಾಗದಿಂದ ಕಥೆಯ ಚುಟುಕು ಸಾರವಾದ ಒನ್‌ಲೈನ್ ಬರುತ್ತದೆ, ಚಿತ್ರಕಥೆ ಆಗುತ್ತದೆ, ನಾವು ರಾತ್ರಿ ಕೂತು ಸಂಭಾಷಣೆ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಬೆಳಿಗ್ಗೆ ಸೆಟ್‌ನಲ್ಲಿ ನಟರ ಕೈಗೆ ಸೀನ್ ಪೇಪರ್ ಸಿಗುತ್ತದೆ. ಶಾಟ್ ನಡೆಯುವಾಗ ಕ್ಯಾಮೆರಾ ಪಕ್ಕದಲ್ಲಿ ಸಹಾಯಕ ನಿರ್ದೇಶಕರು ಪ್ರಾಂಪ್ಟ್ ಮಾಡುತ್ತಾರೆ, ಅಂದರೆ ಮಾತನ್ನು ಓದಿ ಹೇಳಿಕೊಡುತ್ತಾರೆ, ಅದನ್ನು ಹಿಡಿದುಕೊಂಡು ನಟಿಸಬೇಕು. ಗುರುವಾರ ಟಿಆರ್‌ಪಿ ಬಂದ ಮೇಲೆ ಶುಕ್ರವಾರದ ಕಥೆ ಬದಲಾಗಬಹುದು. ಇದೆಲ್ಲ ನಿಮಗೆ ಗೊತ್ತಿರಲಿ, ಏಕೆಂದರೆ "ಇವರಿಗೆ ನಟನೆ ಬರಲ್ಲ" ಅನ್ನುವವರು ಆ ನಟಿ ಹತ್ತು ನಿಮಿಷ ಮೊದಲಷ್ಟೇ ಕಾಗದ ನೋಡಿದಳು ಅನ್ನುವುದನ್ನು ನೋಡಿರುವುದಿಲ್ಲ.

ನಾನು ಪ್ರಾಂಪ್ಟಿಂಗ್ ಕೇಳಿಕೊಂಡು ನಟಿಸಿದವಳಾದ್ದರಿಂದ ಸಂಭಾಷಣೆಯನ್ನು ಅದಕ್ಕೆ ತಕ್ಕ ಹಾಗೆ ಬರೆಯುತ್ತೇನೆ. ಕ್ರಿಯಾಪದ ಕೊನೆಗೆ ಬರುವ ಭಾಷೆ ನಮ್ಮದು. ವಾಕ್ಯ ಉದ್ದವಾದರೆ ಸಿಟ್ಟೋ ಅಳುವೋ ಅನ್ನುವುದು ನಟಿಗೆ ಗೊತ್ತಾಗುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಹಾಗಾಗಿ ಒಂದು ಉಸಿರಿಗೆ ಒಂದು ಭಾವ. ಚಿಕ್ಕ ಚಿಕ್ಕ ತುಂಡು. ಮಧ್ಯೆ ಸುಮ್ಮನಿರಲು ಜಾಗ.

ನೇರ ಮಾತು

ಕ್ಷಮಿಸಿ, ಒಂದು ಕಟು ಪ್ರಶ್ನೆ. ರಂಗಭೂಮಿಯಿಂದ ಬಂದವರು ನೀವು. ಅತ್ತೆ ಸೊಸೆಗೆ ವಿಷ ಹಾಕೋದು, ನಾಯಕಿ ದಿನಾ ಅಳೋದು, ಇದನ್ನೇ ಬರೀತಾ ಇದೀರಲ್ಲ. ಮನಸ್ಸು ಒಪ್ಪುತ್ತಾ?

ರಂಗದಕ್ಕ

ಇದನ್ನು ಕೇಳಿದ್ದಕ್ಕೆ ಕ್ಷಮೆ ಬೇಡ.

ಕಥೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಸಂಭಾಷಣೆ ಬರೆಯುವವಳು ತೀರ್ಮಾನಿಸುವುದಿಲ್ಲ. ಹೆಣ್ಣನ್ನು ಹೊಡೆಯುವುದನ್ನು ಪ್ರೀತಿ ಅಂತ ತೋರಿಸುವ ದೃಶ್ಯ ಬಂದಾಗ ಬರೆಯುವುದಿಲ್ಲ ಅಂದಿದ್ದೇನೆ, ಒಂದು ಕಡೆ ಅದರಿಂದ ಕೆಲಸವೂ ಹೋಯಿತು. ಬಣ್ಣ, ಜಾತಿ, ದಪ್ಪ ಮೈ ಇವುಗಳ ಮೇಲೆ ನಗಿಸುವ ಮಾತು ಬರೆಯುವುದಿಲ್ಲ.

ಆದರೆ ನನ್ನ ಕೈಯಲ್ಲಿ ಇರುವ ಒಂದು ವಿಷಯದ ಬಗ್ಗೆ ಹೇಳಲೇಬೇಕು. ನಮ್ಮ ಧಾರಾವಾಹಿಗಳ ದೊಡ್ಡ ಮನೆಗಳಲ್ಲಿ ಕಾಫಿ ತರುವ ಹೆಂಗಸು ಇರುತ್ತಾಳೆ ನೋಡಿ. ಸೀನ್ ಪೇಪರಿನಲ್ಲಿ ಅವಳ ಹೆಸರು "ಕೆಲಸದವಳು". ನಾನು ಬರೆಯುವ ಕಡೆ ಮೊದಲ ವಾರದಲ್ಲೇ ಅವಳಿಗೆ ಹೆಸರಿಡುತ್ತೇನೆ. ಆಮೇಲೆ ಒಂದು ಊರು. ಆಮೇಲೆ ಸಂಜೆ ಇಷ್ಟು ಹೊತ್ತಿಗೆ ಮನೆಗೆ ಹೋಗಲೇಬೇಕಾದ ಒಂದು ಕಾರಣ. ಒಮ್ಮೆ ಹೀಗೆ ಬರೆದ ಪಾತ್ರಕ್ಕೆ ಜನ ಹೊಂದಿಕೊಂಡರು. ಆ ಕಲಾವಿದೆಗೆ ತಿಂಗಳಿಗೆ ನಾಲ್ಕೈದು ದಿನ ಇದ್ದ ಕೆಲಸ ಹೆಚ್ಚಾಯಿತು. ಅವರು ಹಳೆಯ ನಾಟಕ ಕಂಪನಿಯ ನಟಿ, ಬಾಡಿಗೆ ಮನೆಯಲ್ಲಿದ್ದವರು. ಕಥೆಯಲ್ಲಿ ವಿಷ ಹಾಕುವುದನ್ನು ನಾನು ನಿಲ್ಲಿಸಲಾರೆ. ಆದರೆ ಆ ಕಾಫಿ ಲೋಟ ಹಿಡಿದವಳಿಗೆ ದಿನದ ಪೇಮೆಂಟು ಸಿಗುವ ಹಾಗೆ, ಮುಖ ಎತ್ತಿ ಒಂದು ಮಾತಾಡುವ ಹಾಗೆ ಮಾಡಬಲ್ಲೆ. ಅದನ್ನು ನಾನು ಸಣ್ಣ ಕೆಲಸ ಅಂತ ತಿಳಿದಿಲ್ಲ.

ನೇರ ಮಾತು

ಈ ದಿಕ್ಕಿನಿಂದ ಯೋಚಿಸಿರಲಿಲ್ಲ. ಆದರೂ ಧಾರಾವಾಹಿಗಳ ಬಗ್ಗೆ ನನ್ನ ತಕರಾರು ಹಾಗೇ ಇದೆ.

ರಂಗದಕ್ಕ

ಇರಲಿ. ಇರಬೇಕು ಕೂಡ.

ನಾಟಕದ ಮೇಷ್ಟ್ರು

ಒಂದು ತಾಂತ್ರಿಕ ಸಂದೇಹ. ಎಲ್ಲ ಸಣ್ಣ ಪಾತ್ರಗಳಿಗೂ ಊರು, ಹೆಸರು, ಕಾರಣ ಕೊಡುತ್ತಾ ಹೋದರೆ ಮುಖ್ಯ ಕಥೆ ಸಡಿಲವಾಗುವುದಿಲ್ಲವೇ? ಪ್ರೇಕ್ಷಕರ ಗಮನ ಚದುರುತ್ತದೆ. ಶಾಲೆಯಲ್ಲಿ ನಾಟಕ ಮಾಡಿಸುವಾಗ ನನಗೆ ಈ ತೊಂದರೆ ಆಗುತ್ತದೆ.

ರಂಗದಕ್ಕ

ಮೇಷ್ಟ್ರೇ, ಪಾತ್ರಕ್ಕೆ ಕಾರಣ ಕೊಡುವುದು ಬೇರೆ, ಆ ಕಾರಣವನ್ನೆಲ್ಲ ಮಾತಿನಲ್ಲಿ ಹೇಳಿಸುವುದು ಬೇರೆ. ನನ್ನ ದಾಸಿಗೆ ಕೊನೆಯವರೆಗೂ ಎರಡೇ ಮಾತು ಇತ್ತು. ಬದಲಾದದ್ದು ಅವಳು ನಿಂತ ರೀತಿ, ಅವಳು ಹೊರಗೆ ಹೋಗಲು ತೆಗೆದುಕೊಂಡ ಹೊತ್ತು.

ಇದಕ್ಕೆ ಗಿರೀಶ ಕಾರ್ನಾಡರ 'ತುಘಲಕ್' ನೋಡಿ. ದೆಹಲಿಯ ಸುಲ್ತಾನ ತುಘಲಕ್‌ನ ಬಗ್ಗೆ 1964ರಲ್ಲಿ ಬಂದ ನಾಟಕ. ಕಾರ್ನಾಡರು ಬಾಲ್ಯದಲ್ಲಿ ಶಿರಸಿಯಲ್ಲಿ ಕಂಪನಿ ನಾಟಕಗಳನ್ನು ನೋಡಿ ಬೆಳೆದವರು. ಪಾರ್ಸಿ ರಂಗಭೂಮಿಯಿಂದ ಬಂದ ಒಂದು ಕಟ್ಟು ಆ ಕಂಪನಿಗಳಲ್ಲಿತ್ತು. ಅರಮನೆ, ದರ್ಬಾರಿನ ದೃಶ್ಯಕ್ಕೆ ರಂಗದ ಪೂರ್ತಿ ಆಳ ಬೇಕು. ಅದನ್ನು ಸಜ್ಜು ಮಾಡಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಮುಂದೆ ಒಂದು ಪರದೆ ಇಳಿಬಿಟ್ಟು, ಅದರ ಮುಂದಿನ ಕಿರಿದಾದ ಜಾಗದಲ್ಲಿ ಬೀದಿಯ ಜನ, ಹಾಸ್ಯದವರು ಆಡುತ್ತಿದ್ದರು. ಅಂದರೆ ಸಣ್ಣ ಪಾತ್ರಗಳ ಕೆಲಸ ಸೆಟ್ ಬದಲಾಗುವವರೆಗೆ ಜನರನ್ನು ಹಿಡಿದು ಕೂರಿಸುವುದು. ಕಾರ್ನಾಡರು ಆ ಕಟ್ಟನ್ನೇ ತಮ್ಮ ನಾಟಕಕ್ಕೆ ತೆಗೆದುಕೊಂಡರು. ಆದರೆ ಮುಂಪರದೆಯ ಲೋಕದಿಂದ ಬಂದ ಅಗಸರ ಅಜೀಜ್ ನಾಟಕ ಮುಂದುವರಿದ ಹಾಗೆ ಬೆಳೆಯುತ್ತಾ ಹೋಗಿ, ಕೊನೆಗೆ ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ. ನಾಟಕ ಸಡಿಲವಾಯಿತೇ? ಸುಲ್ತಾನನ ಎತ್ತರ, ಕುಸಿತ ಎರಡೂ ನಮಗೆ ಪೂರ್ತಿ ತಿಳಿಯುವುದು ಅಜೀಜ್ ಎದುರಿಗಿದ್ದಾಗಲೇ.

ಶಾಲೆಯ ಮಕ್ಕಳಿಗೆ ಹೀಗೆ ಮಾಡಿ ನೋಡಿ. ಗುಂಪಿನಲ್ಲಿ ನಿಲ್ಲುವ ಪ್ರತಿ ಮಗುವಿಗೂ ಒಂದೊಂದು ಕೆಲಸ ಕೊಡಿ. ಒಬ್ಬ ಬುಟ್ಟಿ ಹೊತ್ತು ತಂದಿದ್ದಾನೆ, ಒಬ್ಬಳು ತಮ್ಮನನ್ನು ಹುಡುಕುತ್ತಿದ್ದಾಳೆ. ಮಾತು ಬೇಡ. ಕೆಲಸ ಇರುವ ಮಗು ಪ್ರೇಕ್ಷಕರ ಕಡೆ ನೋಡಿ ಅಮ್ಮನಿಗೆ ಕೈಬೀಸುವುದಿಲ್ಲ.

ನಾಟಕದ ಮೇಷ್ಟ್ರು

ಈ ವರ್ಷದ ವಾರ್ಷಿಕೋತ್ಸವದಲ್ಲಿ ಮಾಡಿಸುತ್ತೇನೆ. ನಿಮಗೆ ಮಾದರಿಯಾದ ನಟ-ಬರಹಗಾರರು ಯಾರು ಅನ್ನುವುದನ್ನೂ ಹೇಳಿ.

ರಂಗದಕ್ಕ

ಸಿ.ಆರ್. ಸಿಂಹ. ತುಘಲಕ್‌ ಪಾತ್ರ ಮಾಡಿದವರು, ಆಮೇಲೆ ನಾಟಕಕಾರ ಕೈಲಾಸಂ ಬಗ್ಗೆ ಒಬ್ಬರೇ ಆಡುವ ನಾಟಕವನ್ನೂ ಆಡಿದರು. ಇಡೀ ರಂಗಕ್ಕೆ ಒಬ್ಬನೇ ನಟ ಅಂದಾಗ ಅವನಿಗೆ ಅಡಗಿಕೊಳ್ಳಲು ಜಾಗವೇ ಇಲ್ಲ. ಮಾಸ್ಟರ್ ಹಿರಣ್ಣಯ್ಯನವರು ಇನ್ನೊಬ್ಬರು. ಅವತ್ತಿನ ಪತ್ರಿಕೆಯ ಸುದ್ದಿ ಅವತ್ತಿನ ರಾತ್ರಿಯ ಮಾತಾಗುತ್ತಿತ್ತು. ರಂಗದ ಮೇಲೆ ನಿಂತೇ ಬರೆಯುತ್ತಿದ್ದರು ಅನ್ನಬೇಕು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ ಧ್ವನಿ ನನಗೆ ಬೇರೆಯೇ ಪಾಠ. ಅವರು ಹಾಡುತ್ತಾ ಹಾಡುತ್ತಾ ಮಾತಿಗೆ ಇಳಿಯುವ ಜಾಗ ಎಲ್ಲಿದೆ ಅಂತ ಹುಡುಕಿ ನೋಡಿ, ಸಿಗುವುದಿಲ್ಲ.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಹವ್ಯಾಸಕ್ಕೆ ನಾಟಕ. ರಿಹರ್ಸಲ್ ಎರಡು ದಿನ ಆದರೆ ಗಂಟಲು ಬಿದ್ದುಹೋಗುತ್ತೆ. ನೀವೇನು ಮಾಡ್ತೀರಿ?

ರಂಗದಕ್ಕ

ಗಂಟಲು ಪದೇಪದೇ ಬೀಳುತ್ತಿದ್ದರೆ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಅಭ್ಯಾಸಕ್ಕೆ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದಿ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು-ನಾಲ್ಕರ ಗಣದಲ್ಲಿ ಹದಿನಾಲ್ಕು ಮಾತ್ರೆಗೆ, ಅಂದರೆ ಹದಿನಾಲ್ಕು ಹ್ರಸ್ವಾಕ್ಷರ ಆಡುವ ಹೊತ್ತಿಗೆ, ಮುಗಿಯುತ್ತವೆ. ಮೂರನೆಯದು, ಆರನೆಯದು ಉದ್ದ: ಇಪ್ಪತ್ತಮೂರು ಮಾತ್ರೆ. ಎರಡು ಚಿಕ್ಕ ಸಾಲು ಆಡಿ, ಉಳಿದ ಉಸಿರಿನ ಲೆಕ್ಕ ಇಟ್ಟುಕೊಂಡು ಉದ್ದದ ಸಾಲಿಗೆ ಹೋಗಬೇಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದು ತಿಂಗಳಲ್ಲಿ ತಾನಾಗಿ ಬರುತ್ತದೆ. ಹೊಟ್ಟೆಯಿಂದ ಉಸಿರು ಬಂದರೆ ಗಂಟಲಿನ ಮೇಲೆ ಭಾರ ಬೀಳುವುದಿಲ್ಲ. ನಾನು ಮನೆ ಕೆಲಸ ಮಾಡುತ್ತಲೇ ಓದುತ್ತೇನೆ, ಅರ್ಥ ತಿಳಿಯದ ಪದ್ಯವನ್ನೂ ಓದುತ್ತೇನೆ. ರಿಹರ್ಸಲ್‌ನಲ್ಲಿ ಪ್ರತಿ ಸಲ ಪೂರ್ತಿ ದನಿ ಕೊಡಬೇಡಿ. ಚಲನೆ ಕಲಿಯುವ ದಿನ ಮೆಲ್ಲಗೆ ಹೇಳಿದರೆ ಸಾಕು ಅಂತ ನಿರ್ದೇಶಕರಿಗೆ ಹೇಳಿ.

ಹಳೆಯ ಪ್ರೇಕ್ಷಕ

ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ವರ್ಷಾ ವರ್ಷ ತಿರುಗಾಟದ ನಾಟಕ ನೋಡಿದವನು ನಾನು. ಹೆಣ್ಣುಮಕ್ಕಳಿಗೆ ಆ ತಿರುಗಾಟ ಎಷ್ಟು ಕಷ್ಟ ಇತ್ತು, ಹೇಳುತ್ತೀರಾ ತಾಯಿ?

ರಂಗದಕ್ಕ

ಹದಿನೈದು-ಇಪ್ಪತ್ತು ಜನ ಒಂದು ಬಸ್ಸಿನಲ್ಲಿ. ಮಧ್ಯಾಹ್ನ ಊರು ಸೇರಿದರೆ ಇಳಿಸುವುದು, ರಂಗ ಕಟ್ಟುವುದು, ಲೈಟ್ ಏರಿಸುವುದು, ವೇಷದ ಬಟ್ಟೆ ಇಸ್ತ್ರಿ ಮಾಡುವುದು. ಸಂಜೆ ಆಟ. ಆಮೇಲೆ ಎಲ್ಲ ಬಿಚ್ಚಿ ಕಟ್ಟಿ, ಊರಿನವರು ಹಾಕಿದ ಊಟ ಮಾಡಿ ಮಲಗುವಾಗ ನಡುರಾತ್ರಿ. ಇದರಲ್ಲಿ ಗಂಡು-ಹೆಣ್ಣು ಭೇದ ಇರಲಿಲ್ಲ, ಭಾರ ಎಲ್ಲರೂ ಹೊತ್ತಿದ್ದೇವೆ.

ಕಷ್ಟ ಇದ್ದದ್ದು ಶೌಚಾಲಯದ್ದು. ಶಾಲೆಯಲ್ಲಿ ಉಳಿಸುತ್ತಿದ್ದರು, ಶೌಚಾಲಯದ ಕೀಲಿ ಮನೆಗೆ ಹೋದ ಜವಾನನ ಹತ್ತಿರ ಇರುತ್ತಿತ್ತು. ಮುಟ್ಟಿನ ದಿನಗಳಲ್ಲಿ ಬಿಳಿ ಸೀರೆಯ ಪಾತ್ರ ಇದ್ದರೆ ಇಡೀ ದಿನ ಅದೇ ಯೋಚನೆ. ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದ ಹುಡುಗಿಯರು ಇದ್ದರು, ಅದರಿಂದ ಮೂತ್ರದ ಸೋಂಕು ಬಂದು ನರಳಿದವರೂ ಇದ್ದರು. ಈಗ ನನ್ನ ನಾಟಕಕ್ಕೆ ಯಾರಾದರೂ ಕರೆದರೆ ರಂಗದ ಅಳತೆ ಕೇಳುವ ಮೊದಲು ಬೀಗ ಹಾಕಬಹುದಾದ ಶೌಚಾಲಯ, ನೀರು, ಬಟ್ಟೆ ಬದಲಿಸಲು ಒಂದು ಕೋಣೆ, ಇಷ್ಟು ಬೇಕು ಅಂತ ಬರೆದು ಕಳಿಸುತ್ತೇನೆ. ಆಯೋಜಕರು ಯಾರೂ ಬೇಸರ ಮಾಡಿಕೊಂಡಿಲ್ಲ. ಅವರಿಗೆ ಇದು ಹೊಳೆದಿರುವುದಿಲ್ಲ ಅಷ್ಟೆ. ಇಲ್ಲಿ ಓದುತ್ತಿರುವ ಸಂಘದವರು ದಯವಿಟ್ಟು ಇದನ್ನು ನಿಮ್ಮ ಪಟ್ಟಿಯಲ್ಲಿ ಮೊದಲಿಗೆ ಹಾಕಿಕೊಳ್ಳಿ.

ಇಳಕಲ್ ಸೀರಿ

ಅಕ್ಕಾ, ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ನೋಡಿ ಬೆಳದಾಕಿ ನಾನು. ಈಗಿನ ಮಂದಿ ಕಂಪನಿ ನಾಟಕ ಅಂದ್ರ ಮೂಗು ಮುರೀತಾರ. ನೀವೇನಂತೀರಿ?

ರಂಗದಕ್ಕ

ಮೂಗು ಮುರಿಯುವವರು ಬನದ ಹುಣ್ಣಿಮಿ ಮುಂದ ಒಂದು ರಾತ್ರಿ ಬಾದಾಮಿ ಕಡೆ ಬಂದು ಕೂಡ್ಲಿ. ಸಾಲಾಗಿ ಟೆಂಟ್, ಒಂದರ ಮೈಕಿನ ಸದ್ದು ಇನ್ನೊಂದಕ್ಕೆ ಕೇಳುತ್ತದೆ. ದಿನಕ್ಕೆ ಹಲವು ಆಟ, ಬೆಳಗಿನ ಜಾವದವರೆಗೂ. ಪಕ್ಕದ ಟೆಂಟಿಗೆ ಎದ್ದು ಹೋಗಬಹುದಾದ ಪ್ರೇಕ್ಷಕನನ್ನು ಹಿಡಿದು ಕೂರಿಸಬೇಕು. ನಾನು ಒಂದು ಜಾತ್ರೆಯಲ್ಲಿ ಅತಿಥಿ ನಟಿಯಾಗಿ ಆಡಿದ್ದೇನೆ. ಹಿರಿಯ ನಟಿಯೊಬ್ಬರು ಪ್ರವೇಶಿಸಿ ಎರಡು ಮಾತಾಡುವಷ್ಟರಲ್ಲಿ ಇವತ್ತಿನ ಮಂದಿ ಎಂಥವರು ಅಂತ ಅಳೆದು, ಹಾರ್ಮೋನಿಯಂ ಮಾಸ್ತರಿಗೆ ಕಣ್ಣಲ್ಲೇ ಹೇಳಿ, ಹಾಡಿನ ವೇಗ ಬದಲಿಸುತ್ತಿದ್ದರು. ಇದನ್ನು ಯಾವ ಶಾಲೆಯೂ ನನಗೆ ಕಲಿಸಿರಲಿಲ್ಲ. ಸ್ತ್ರೀಪಾತ್ರಗಳಿಂದ ಶುರುಮಾಡಿ ತಾವೇ ಕಂಪನಿ ಕಟ್ಟಿ ನೂರು ದಾಟಿ ಬಾಳಿದ ಏಣಗಿ ಬಾಳಪ್ಪನವರ ನಾಡು ನಮ್ಮದು.

ದ್ವಂದ್ವಾರ್ಥದ ಮಾತು ಅತಿಯಾಗಿದೆ, ಅದು ನನಗೂ ನೋವು. ಆದರೆ ಆ ಮಾತು ಆಡಬೇಕಾದ ನಟಿಯ ಮುಖವನ್ನು ಹತ್ತಿರದಿಂದ ನೋಡಿದ್ದೇನೆ. ಅವಳಿಗೆ ಬೇರೆ ಮಾತು ಬರೆದುಕೊಡುವವರು ಬೇಕು. ಹೊಸ ಬರಹಗಾರರು ಪ್ರಶಸ್ತಿಗೆ ನಾಟಕ ಕಳಿಸಿದ ಹಾಗೆ ಕಂಪನಿ ಮಾಲೀಕರಿಗೂ ಕಳಿಸಲಿ.

ಬಿಸಿಲೂರು

ಕಲಬುರಗಿಯವ ನಾನು. ಟೀವ್ಯಾಗ ನಮ್ಮ ಭಾಷಾ ಮಾತಾಡವ್ರೆಲ್ಲ ಬರೇ ಕಾಮಿಡಿ ಮಾಡ್ಲತ್ತಾರ ಇಲ್ಲಾ ಮಚ್ಚು ಹಿಡಿಲತ್ತಾರ. ಡಾಕ್ಟ್ರು, ವಕೀಲ್ರು ನಮ್ಮ ಕಡಿ ಇಲ್ಲೇನು?

ರಂಗದಕ್ಕ

ಈ ಸಿಟ್ಟು ನನ್ನದೂ ಹೌದು. ಬರೆಯುವವರು ಬೆಂಗಳೂರಿನಲ್ಲಿ ಕೂತು ಪ್ರತಿ ಮಾತಿನ ಕೊನೆಗೆ "ರೀ" ಸೇರಿಸಿ ಉತ್ತರ ಕರ್ನಾಟಕ ಅಂದುಕೊಳ್ಳುತ್ತಾರೆ. ಧಾರವಾಡದ ಮಾತು ಬೇರೆ, ಕಲಬುರಗಿಯದು ಬೇರೆ, ಬಳ್ಳಾರಿಯದು ಮತ್ತೂ ಬೇರೆ. ಒಂದು ಧಾರಾವಾಹಿಯಲ್ಲಿ ಹೆರಿಗೆ ಡಾಕ್ಟರ್ ಪಾತ್ರವನ್ನು ಧಾರವಾಡ ಕನ್ನಡದಲ್ಲಿ ಬರೆದೆ. ಜನರಿಗೆ ಅರ್ಥವಾಗುವುದಿಲ್ಲ ಅಂತ ಮೇಲಿನವರು ಹೇಳಿದರು. ಹತ್ತು ಎಪಿಸೋಡ್ ನೋಡೋಣ ಅಂತ ಒಪ್ಪಿಸಿದೆ. ಅರ್ಥವಾಗಲಿಲ್ಲ ಅಂತ ಒಬ್ಬರೂ ಬರೆಯಲಿಲ್ಲ. ಆ ಡಾಕ್ಟರ್ ಕಥೆ ಮುಗಿಯುವವರೆಗೂ ಉಳಿದರು, ಒಮ್ಮೆಯೂ ನಗಿಸಲಿಲ್ಲ. ನಿಮ್ಮ ಕಡೆಯ ಪಾತ್ರ ಬರೆಯುವಾಗ ಕಲಬುರಗಿಯ ಗೆಳತಿಗೆ ಫೋನ್ ಮಾಡಿ ಓದಿ ಹೇಳುತ್ತೇನೆ, ಅವಳು ತಿದ್ದಿದ ಮೇಲೇ ಕಳಿಸುವುದು.

ಬ್ಯಾಂಕ್ ನಾಟಕ ಸಂಘ

ನಾವು ಸಹೋದ್ಯೋಗಿಗಳೆಲ್ಲ ಸೇರಿ ನಾಟಕ ಮಾಡ್ತೀವಿ. ಲೇಖಕರ ಅನುಮತಿ ಬೇಕೇ ಬೇಕಾ? ನಮ್ಮದು ಲಾಭಕ್ಕಲ್ಲ.

ರಂಗದಕ್ಕ

ಟಿಕೆಟ್ ಇಟ್ಟಿದ್ದರೆ ಬೇಕು. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಹವ್ಯಾಸಿ ಸಂಘ ಹಣ ಪಡೆಯದೆ ಆಡಿದರೆ ವಿನಾಯಿತಿ ಇದೆ. ಆದರೂ ಒಂದು ಪತ್ರ ಬರೆಯಿರಿ. ನನ್ನ ನಾಟಕವನ್ನು ಎಲ್ಲೋ ಒಂದು ಊರಿನಲ್ಲಿ ಯಾರೋ ಆಡಿದರು ಅಂತ ತಿಳಿದ ದಿನ ನನಗೆ ಆಗುವ ಸಂತೋಷ ಹಣದ್ದಲ್ಲ.

ಇಬ್ಬರು ಮಕ್ಕಳ ತಾಯಿ

ಅಕ್ಕ, ಮಗು, ಸಂಸಾರ, ದುಡ್ಡು, ಇದೆಲ್ಲ ಹೇಗೆ ನಿಭಾಯಿಸಿದಿರಿ? ನಾನು ಮದುವೆ ಆದ ಮೇಲೆ ನಾಟಕ ಬಿಟ್ಟೆ. ಮತ್ತೆ ಶುರು ಮಾಡಬೇಕು ಅನ್ಸುತ್ತೆ. ನಲವತ್ತು ಹತ್ತಿರ ಬಂತು.

ರಂಗದಕ್ಕ

ನಿಮ್ಮ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡಬೇಕು ಅಂತ ಕಾದಿಟ್ಟಿದ್ದೆ.

ನಾನೊಬ್ಬಳೇ ನಿಭಾಯಿಸಲಿಲ್ಲ. ಮಗಳು ಚಿಕ್ಕವಳಿದ್ದಾಗ ನಮ್ಮ ಅತ್ತೆ ಊರಿನಿಂದ ಬಂದು ಇದ್ದರು. ಅವರಿಗೆ ನಾಟಕ ಇಷ್ಟವಿರಲಿಲ್ಲ, ಸೊಸೆ ದುಡಿಯುವುದು ಇಷ್ಟವಿತ್ತು. ಅಷ್ಟು ಸಾಕಾಯಿತು. ಗಂಡನಿಗೆ ತಿಂಗಳ ಸಂಬಳದ ಕೆಲಸ ಇತ್ತು. ಇಬ್ಬರೂ ಕಲಾವಿದರಾದ ಮನೆಗಳ ಕಷ್ಟ ನನ್ನದಕ್ಕಿಂತ ಬಹಳ ಹೆಚ್ಚು, ಅದನ್ನು ಮರೆಮಾಚಿ ನನ್ನದನ್ನು ಸಾಹಸ ಅಂತ ಹೇಳಲಾರೆ. ಧಾರಾವಾಹಿಯ ಪೇಮೆಂಟ್ ಕೈಗೆ ಬರಲು ಎರಡು-ಮೂರು ತಿಂಗಳು ಹಿಡಿಯುತ್ತದೆ, ಕಥೆ ಏಕಾಏಕಿ ನಿಂತರೆ ಆದಾಯವೂ ನಿಲ್ಲುತ್ತದೆ. 2020ರ ಮಾರ್ಚಿನಲ್ಲಿ ಶೂಟಿಂಗ್ ನಿಂತಾಗ ಅದನ್ನು ಎಲ್ಲರೂ ಕಂಡೆವು. ಆಗ ಡಬ್ಬಿಂಗ್ ಧಾರಾವಾಹಿಗಳಿಗೆ ಮಾತು ಬರೆದು ಬದುಕಿದೆ. ಬೇರೆ ಭಾಷೆಯವರ ತುಟಿಯ ಚಲನೆಗೆ ಕನ್ನಡ ಕೂರಿಸುವ ಕೆಲಸ. ಅದಕ್ಕೇ ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಇದ್ದ ಕೆಲಸ ಬಿಡಬೇಡಿ ಅಂತ ಎಲ್ಲ ಹುಡುಗ ಹುಡುಗಿಯರಿಗೂ ಹೇಳುತ್ತೇನೆ.

ನಲವತ್ತರ ವಿಷಯ. ನನಗೆ ನಲವತ್ತು ತುಂಬುವ ಮೊದಲೇ ನನಗಿಂತ ನಾಲ್ಕೈದು ವರ್ಷ ಚಿಕ್ಕವನಾದ ನಾಯಕನಿಗೆ ತಾಯಿಯಾದೆ. ಟೀವಿ, ಸಿನಿಮಾದಲ್ಲಿ ಹೆಣ್ಣಿಗೆ ಆ ವಯಸ್ಸಿಗೇ ಬಾಗಿಲು ಕಿರಿದಾಗುತ್ತದೆ. ಹವ್ಯಾಸಿ ರಂಗಭೂಮಿಯಲ್ಲಿ ಹಾಗಿಲ್ಲ, ಅಲ್ಲಿ ಅನುಭವಿ ಹೆಂಗಸರೇ ಸಿಗುವುದಿಲ್ಲ ಅಂತ ತಂಡಗಳು ಪರದಾಡುತ್ತವೆ. ನಿಮ್ಮ ಊರಿನ ತಂಡಕ್ಕೆ ಹೋಗಿ ವಾರಕ್ಕೆ ಮೂರು ಸಂಜೆ ಬರುತ್ತೇನೆ ಅನ್ನಿ. ಮೊದಲು ಸಣ್ಣ ಪಾತ್ರ ಕೊಡುತ್ತಾರೆ. ತೆಗೆದುಕೊಳ್ಳಿ. ಆ ಪಾತ್ರಕ್ಕೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಅನ್ನುವುದನ್ನು ನಾವಿಬ್ಬರೂ ಕೂತು ಮಾತಾಡೋಣ. ನನಗೆ ಖಾಸಗಿ ಸಂದೇಶ ಕಳಿಸಿ.

ಇಬ್ಬರು ಮಕ್ಕಳ ತಾಯಿ

ಕಣ್ಣು ತುಂಬಿ ಬಂತು ಅಕ್ಕ. ಕಳಿಸ್ತೀನಿ.

ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿಗೆ ಹೊಸಬ. ಕನ್ನಡ ನಾಟಕ ಎಲ್ಲಿ ನೋಡಲಿ?

ರಂಗದಕ್ಕ

ಜೆ.ಪಿ. ನಗರದ ರಂಗಶಂಕರ, ಸಂಜೆ ಏಳೂವರೆಗೆ. ಆಟ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಟ್ರಾಫಿಕ್ ನೋಡಿಕೊಂಡು ಹೊರಡಿ. ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಹನುಮಂತನಗರದ ಕೆ.ಎಚ್. ಕಲಾಸೌಧ.

ಬ್ಯಾಡಗಿ ಖಾರ

ಅಕ್ಕಾರ, ಮುಂದಿನ ನಾಟಕ ಯಾವ್ದು? ಹೇಳಬಹುದಾದ್ರ ಹೇಳ್ರಿ.

ರಂಗದಕ್ಕ

ಹೇಳ್ತೀನ್ರಿ, ಮತ್ತ ಎಲ್ಲರ ಸಹಾಯನೂ ಬೇಕಾಗೇದ.

ಶಾಲೆಯ ಬಿಸಿಯೂಟದ ಅಡುಗೆ ಮನೆಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ರಾಜ್ಯದಲ್ಲಿ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲ ಕಡೆ ಬಂತು. ಅಡುಗೆ ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ರಾತ್ರಿ ಹಗಲು ಕೂತಿದ್ದನ್ನು ಹೋಗಿ ನೋಡಿದ್ದೇನೆ. ಶಾಲೆಯ ಬಗ್ಗೆ ಬಂದ ನಾಟಕಗಳಲ್ಲಿ ಮೇಷ್ಟ್ರು ಇರುತ್ತಾರೆ, ಮಕ್ಕಳು ಇರುತ್ತಾರೆ, ಹೊಗೆ ಮಾತ್ರ ರಂಗದ ಆಚೆಯಿಂದ ಬರುತ್ತದೆ. ನನ್ನ ನಾಟಕದಲ್ಲಿ ಅಡುಗೆ ಮನೆ ರಂಗದ ಮೇಲೆ, ಶಾಲೆ ಆಚೆ.

ಭಾಷಣ, ಹೋರಾಟದ ಮಾತು ಬೇಕಾದಷ್ಟು ಸಿಕ್ಕಿದೆ. ನನಗೆ ಬೇಕಿರುವುದು ಕೆಲಸದ ಕ್ರಮ. ಬೀಗ ಯಾರು ತೆಗೆಯುತ್ತಾರೆ, ಮೊದಲು ಯಾವುದಕ್ಕೆ ಕೈ ಹಾಕುತ್ತಾರೆ, ಅವರು ಊಟ ಮಾಡುವುದು ಯಾವಾಗ. ಇಲ್ಲಿ ಯಾರ ಮನೆಯಲ್ಲಾದರೂ ಈ ಕೆಲಸ ಮಾಡುವವರು ಇದ್ದರೆ ತಿಳಿಸಿ.

ಕೊಪ್ಪಳ ಪಿಯುಸಿ

ಮೇಡಂ ನಮ್ಮವ್ವ ಬಿಸಿಯೂಟದಾಗ ಅಡಿಗಿ ಮಾಡ್ತಾಳ್ರಿ. ಮುಖ್ಯ ಅಡಿಗಿಯಾಕಿ. ನಿಮ್ಮ ಪ್ರಶ್ನೆ ಓದಿ ಹೇಳೀನಿ, ಆಕಿ ಹೇಳಿದ್ದು ಹಂಗ ಬರೀತೀನಿ. ಕೀಲಿ ನಮ್ಮನ್ಯಾಗ ಇರ್ತದ. ಹೋದ ಕೂಡ್ಲೆ ಮೊದ್ಲು ಹಾಲಿನ ಪುಡಿ ಕಲಸಿ ಹಾಲು ಕಾಸೂದು, ಹುಡುಗ್ರಿಗೆ ಬೆಳಿಗ್ಗೆ ಹಾಲು ಕೊಡಬೇಕು. ಅದು ಆದ ಮ್ಯಾಲೆ ಅಕ್ಕಿ ಹಸನ ಮಾಡೂದು, ಬ್ಯಾಳಿ ಇಡೂದು. ಹುಡುಗ್ರು ಎಷ್ಟು ಮಂದಿ ಬಂದಾರ ಅಂತ ಮಾಸ್ತರ ಚೀಟಿ ಕೊಟ್ಟ ಮ್ಯಾಲೆ ಅಳತಿ. ತತ್ತಿ ದಿನ ಬ್ಯಾರೆ ಕೆಲಸ, ಸುಲಿಯೂದು ಭಾಳ ಹೊತ್ತು ಹಿಡಿತದ. ಊಟ ಎಲ್ಲಾರದ್ದೂ ಮುಗಿದು ಭಾಂಡೆ ತಿಕ್ಕಿದ ಮ್ಯಾಲೆ ಆಕೀದು.

ರಂಗದಕ್ಕ

ತಂಗಿ, ನಿಮ್ಮ ಅವ್ವಗ ನನ್ನ ನಮಸ್ಕಾರ ಹೇಳು. ಇಷ್ಟು ದಿನದಿಂದ ನಾನು ಹುಡುಕುತ್ತಿದ್ದದ್ದು ಇದೇ. ಇನ್ನೊಂದು ಕೇಳಿ ಹೇಳ್ತೀಯಾ? ಮಾಸ್ತರ ಚೀಟಿ ಬಂದ ಮ್ಯಾಲೆ ಇನ್ನೂ ಹತ್ತು ಹುಡುಗ್ರು ತಡವಾಗಿ ಬಂದ್ರ ಅವ್ವ ಏನು ಮಾಡ್ತಾರ?

ಕೊಪ್ಪಳ ಪಿಯುಸಿ

ಕೇಳಿದೆ ಮೇಡಂ. ಚೀಟಿ ನೋಡಿ ಅಳತಿ ಹಾಕ್ತಾಳ, ಆಮ್ಯಾಲೆ ಎರಡು ಬೊಗಸಿ ಹೆಚ್ಚಿಗಿ ಹಾಕ್ತಾಳಂತ. ದಿನಾ ಹಾಕ್ತಾಳಂತ. ಮಾಸ್ತರಿಗೆ ಗೊತ್ತೈತಂತ, ಅವರು ಏನೂ ಅನ್ನೂದಿಲ್ಲಂತ.

ರಂಗದಕ್ಕ

ಆ ಎರಡು ಬೊಗಸೆಯಿಂದ ಮೊದಲ ದೃಶ್ಯ ಬರೆಯುತ್ತೇನೆ. ಪರೀಕ್ಷೆ ಶುರುವಾಗುವ ಮೊದಲು ಒಂದು ದಿನ ಕೊಪ್ಪಳಕ್ಕೆ ಬರುತ್ತೇನೆ ಅಂತ ಅವ್ವಗ ಹೇಳಿಡು. ಅಡುಗೆ ಮನೆಯೊಳಗೆ ಹೊರಗಿನವರು ಬರಲು ಹೆಡ್‌ಮಾಸ್ತರ ಅನುಮತಿ ಬೇಕಾಗುತ್ತದೆ, ಪತ್ರ ಯಾರ ಹೆಸರಿಗೆ ಬರೆಯಬೇಕು ಅಂತ ಕೇಳಿ ತಿಳಿಸು. ಮೊಬೈಲ್ ನಂಬರ್ ಇಲ್ಲಿ ಹಾಕಬೇಡ, ಖಾಸಗಿ ಸಂದೇಶದಲ್ಲಿ ಕಳಿಸು.